ಓವೆನ್ಸ್ ಸರೋವರದ ಧೂಳು: ಮೂಲನಿರ್ಣಯದ ಚಾರಿತ್ರಿಕ ವಿಚಾರ

ಮರುಭೂಮಿಯಲ್ಲಿ ಧೂಳು ಏಳುವುದು ಪ್ರಕೃತಿಸಹಜವೆಂದು ಲೋಕವು ನಂಬಿದೆ. ಆದುದರಿಂದ ಅಲ್ಲಿಯ ಜನರು ಉಸಿರಾಡುವ ಧೂಳಿನ ಕಾರಣವನ್ನು ವಿಚಾರಿಸುವವರು ವಿರಳ. ಈ ನಂಬಿಕೆಯು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಕ್ಯಾಲಿಫೋರ್ನಿಯದ ಓವೆನ್ಸ್ ಸರೋವರದ ವೃತ್ತಾಂತದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಸಿಯೆರಾ ನೆವಾಡ ಪರ್ವತಶ್ರೇಣಿಯ ಪೂರ್ವಕ್ಕಿರುವ ಈ ಉಪ್ಪುನೀರಿನ ಸರೋವರವು ಹಿಂದೆ ಸುಮಾರು 280 ಚದರ ಕಿಲೋಮೀಟರು ವಿಸ್ತಾರವಾಗಿದ್ದಿತು. 1872ರಲ್ಲಿ ನೀರಿಗಿಳಿದ ‘ಬೆಸ್ಸಿ ಬ್ರೇಡಿ’ ಎಂಬ ಉಗಿಹಡಗು ಸೆರ್ರೊ ಗೋರ್ಡೊ ಗಣಿಗಳ ಬೆಳ್ಳಿ-ಸೀಸದ ಗಟ್ಟಿಗಳನ್ನು ಇದರ ಮೇಲೆ ಸಾಗಿಸುತ್ತಿದ್ದಿತು. ಕಣಿವೆಯ ರೈತರು ನದಿಯ ನೀರನ್ನು ಹೊಲಗಳಿಗೆ ತಿರುಗಿಸಿದುದರಿಂದ ಸರೋವರವು ಆಗಲೇ ತಗ್ಗತೊಡಗಿದ್ದುದು ನಿಜ. ಆದರೆ ವಿಲಿಯಂ ಮುಲ್‌ಹಾಲೆಂಡನ ನೇತೃತ್ವದಲ್ಲಿ ನಿರ್ಮಿತವಾದ ಕಾಲುವೆಯು 1913ರಿಂದ ಓವೆನ್ಸ್ ನದಿಯ ನೀರನ್ನು ಲಾಸ್ ಏಂಜಲೀಸ್ ನಗರಕ್ಕೆ ಒಯ್ಯತೊಡಗಿದ ಮೇಲೆ, 1920ರ ದಶಕದಲ್ಲಿ ಅದು ಬಹುಮಟ್ಟಿಗೆ ಬತ್ತಿಹೋಯಿತು. ಒಂದು ಕಾಲಕ್ಕೆ ದಡದ ಊರಾಗಿದ್ದ ಕೀಲರ್ ಗ್ರಾಮವು ಉಪ್ಪಿನ ಬಯಲಿನ ಅಂಚಿನಲ್ಲಿ ಉಳಿಯಿತು.

ಬತ್ತಿದ ತಳದ ಮೇಲೆ ಲವಣದ ಪದರವು ಕಟ್ಟುತ್ತದೆ. ಗಾಳಿಯಲ್ಲಿ ಪುಟಿಯುವ ಮರಳು ಆ ಪದರವನ್ನು ಒಡೆದಾಗ ಸೂಕ್ಷ್ಮಕಣಗಳು ಮೇಲೇಳುತ್ತವೆ. 10 ಮೈಕ್ರಾನಿಗಿಂತ ಕಿರಿದಾದ ಇಂತಹ ಕಣಗಳು ಶ್ವಾಸಕೋಶವನ್ನು ಸೇರುತ್ತವೆ. 1987ರಲ್ಲಿ ಅಮೆರಿಕಾ ಸರಕಾರವು ಇವುಗಳಿಗೆ ದಿನವೊಂದಕ್ಕೆ ಘನಮೀಟರಿಗೆ 150 ಮೈಕ್ರೋಗ್ರಾಂ ಎಂಬ ಮಿತಿಯನ್ನು ವಿಧಿಸಿತು. ಕೀಲರಿನ ಗಾಳಿಯು ಈ ಮಿತಿಯನ್ನು ಪದೇಪದೇ ಬಹುಪಾಲು ಮೀರಿತು.

ಗ್ರಾಮದಲ್ಲಿಟ್ಟ ಮಾಪಕವು ಧೂಳಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಅದು ಹೊರಟ ಸ್ಥಳವನ್ನು ಹೇಳಲಾರದು. ಆದಕಾರಣ ಪರಿಶೋಧಕರು ಸರೋವರದ ತಳದಲ್ಲೆಲ್ಲ ಮರಳಿನ ಚಲನೆಯನ್ನು ಅಳೆಯುವ ಉಪಕರಣಗಳನ್ನು ಹೂಡಿದರು. ಛಾಯಾಗ್ರಹಣದಿಂದಲೂ ಪ್ರತ್ಯಕ್ಷ ವೀಕ್ಷಣೆಯಿಂದಲೂ ಧೂಳು ಏಳುವ ಎಡೆಗಳನ್ನು ನಕಾಶೆಯ ಮೇಲೆ ಗುರುತಿಸಿ, ಗಾಳಿಯ ದಿಕ್ಕು ವೇಗಗಳೊಡನೆ ತಾಳೆನೋಡಿದರು. ಹೀಗೆ ದೂಷಣೆಯ ಸ್ಥಾನದಲ್ಲಿ ಪ್ರಮಾಣವು ನಿಂತಿತು. 1998ರಲ್ಲಿ ಪ್ರಾದೇಶಿಕ ವಾಯುನಿಯಂತ್ರಣ ಮಂಡಲಿಯೊಡನೆ ನಗರವು ಒಪ್ಪಂದವನ್ನು ಮಾಡಿಕೊಂಡಿತು. 2001ರಿಂದ ತಳದ ಭಾಗಗಳಿಗೆ ತೆಳುವಾಗಿ ನೀರು ಹಾಯಿಸಿ, ಹುಲ್ಲು ಬೆಳೆಸಿ, ಜಲ್ಲಿ ಹಾಸಲಾಯಿತು. ಧೂಳು ಗಣನೀಯವಾಗಿ ಇಳಿಯಿತು.

ಆದರೂ ಕೀಲರಿನ ಪಕ್ಕದ ಮರಳುದಿಬ್ಬಗಳು ಸಹಜವೋ, ಬತ್ತಿದ ತಳದಿಂದ ಬಂದವೋ ಎಂಬ ವಿವಾದವು ಮುಂದುವರಿಯಿತು. ಇಂತಹ ಪ್ರಶ್ನೆಯನ್ನು ಮಾಪಕವೊಂದೇ ಬಿಡಿಸಲಾರದು. ಆ ನೆಲವು ಹಿಂದೆ ಹೇಗಿದ್ದಿತೆಂಬುದೂ ತಿಳಿಯಬೇಕು. ಹಡಗು ತೇಲಿದ ಸ್ಥಳದಲ್ಲಿ ಧೂಳೆದ್ದರೆ ಅದನ್ನು ಮರುಭೂಮಿಯ ಸ್ವಭಾವವೆಂದು ಕರೆಯುವುದು ಯುಕ್ತವಲ್ಲ. ಮೂಲವನ್ನು ನಿರ್ಣಯಿಸಿದಲ್ಲದೆ ಹೊಣೆಯನ್ನು ನಿರ್ಣಯಿಸಲಾಗದು. ಹೊಣೆಯು ನಿರ್ಣಯವಾಗದಿದ್ದರೆ ಅದರ ಭಾರವನ್ನು ಉಸಿರಾಡುವವರೇ ಹೊರಬೇಕಾಗುತ್ತದೆ.