ಕಾಣದ ರಂಗಕ್ಕೆ ನಾಟಕ ಬರೆದವರು



ನಾನು ಹುಟ್ಟಿ ಬೆಳೆದದ್ದು ರೋಣದಲ್ಲಿ. ಆಗ ಅದು ಧಾರವಾಡ ಜಿಲ್ಲೆಯ ತಾಲೂಕು. ಗಜೇಂದ್ರಗಡವೂ ಅದರೊಳಗೇ ಇತ್ತು. 1997ರಲ್ಲಿ ಗದಗ ಜಿಲ್ಲೆ ರಚನೆಯಾದಾಗ ರೋಣ, ನರಗುಂದಗಳು ಆ ಜಿಲ್ಲೆಗೆ ಸೇರಿದವು. ಆದರೆ ನಮ್ಮ ಜನಕ್ಕೆ ಗದುಗಿನ ನಂಟು ಕಂದಾಯ ಇಲಾಖೆಯಿಂದ ಬಂದದ್ದಲ್ಲ. ಶ್ರಾವಣ ಮಾಸ ಬಂತೆಂದರೆ ಊರಿನ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಶಾಸ್ತ್ರಿಗಳು ಅರ್ಥ ಹೇಳುವರು. ಪದ್ಯ ಹಾಡಲು ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಗವಾಯಿಗಳು ಬರುವರು. ಪೇಟಿ ಬಾರಿಸುವವರಿಗೂ ತಬಲಾ ನುಡಿಸುವವರಿಗೂ ಹಲವು ಸಲ ಕಣ್ಣಿರುತ್ತಿರಲಿಲ್ಲ. ರಾಗವೆಂಬುದೊಂದಿದೆ ಎಂದು ನನಗೆ ಮೊದಲು ತಿಳಿದದ್ದು ಅವರಿಂದ.

ನಮ್ಮ ಓಣಿಯಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡ ಹುಡುಗನೊಬ್ಬನಿದ್ದ, ನನ್ನ ಓರಗೆಯವನು. ಅವನ ತಾಯಿ ಅಳುತ್ತ ಕುಳಿತಾಗ ನಮ್ಮ ಅಜ್ಜಿ, "ಅಳಬ್ಯಾಡ ತಂಗಿ, ಅವಂಗ ಗದಗ ಐತಿ" ಎಂದದ್ದು ನನಗೆ ಇಂದಿಗೂ ನೆನಪಿದೆ. ಕುರುಡ ಮಗುವಿಗೆ ಭಿಕ್ಷೆಯ ಹೊರತು ಬೇರೆ ದಾರಿ ಕಾಣದ ಕಾಲದಲ್ಲಿ, ನಿರಕ್ಷರಿಯಾದ ಒಬ್ಬ ಮುದುಕಿ ಅಷ್ಟು ನೆಚ್ಚಿಕೆಯಿಂದ ಒಂದು ಊರಿನ ಹೆಸರು ಹೇಳುವಂತಾದದ್ದು ಹೇಗೆ? ಇಂದಿನ ನನ್ನ ಮಾತು ಇದನ್ನು ಕುರಿತದ್ದು.

ಇದರ ಮೊದಲ ಹೆಸರು ಪಂಚಾಕ್ಷರಿ ಗವಾಯಿಗಳದು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದ ಇವರನ್ನು ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು, ಅಂದರೆ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರೇ. ಪಂಚಾಕ್ಷರಿಗಳು ಕರ್ನಾಟಕ, ಹಿಂದುಸ್ಥಾನಿ ಎರಡೂ ಪದ್ಧತಿಗಳನ್ನು ಕಲಿತರು. ಕಲಿತದ್ದನ್ನು ತಮ್ಮಂಥ ಅನಾಥ, ಅಂಧ ಮಕ್ಕಳಿಗೆ ಧಾರೆಯೆರೆದರು. ಊರೂರು ತಿರುಗುತ್ತಿದ್ದ ಆ ಪಾಠಶಾಲೆ ಕಡೆಗೆ ಗದುಗಿನಲ್ಲಿ ನೆಲೆನಿಂತಿತು. ಬಸವರಾಜ ರಾಜಗುರುಗಳು ಇವರ ಶಿಷ್ಯರೆಂದರೆ ಗುರುವಿನ ತೂಕ ತಿಳಿದೀತು.

1944ರಲ್ಲಿ ಪಂಚಾಕ್ಷರಿಗಳು ಲಿಂಗೈಕ್ಯರಾದಾಗ ಭಾರವೆಲ್ಲ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಿತ್ತು. ಇವರು 1914ರಲ್ಲಿ ಹಾವೇರಿಯ ಬಳಿಯ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಸೋದರಮಾವನ ಮನೆಯಲ್ಲಿ ಪೇಟಿಯ ಮೇಲೆ ಕೈಯಾಡಿಸುತ್ತಿದ್ದ ಹುಡುಗನನ್ನು ಆ ಮಾವನೇ ಪಂಚಾಕ್ಷರಿಗಳ ಬಳಿ ತಂದು ಬಿಟ್ಟರು. ಹಾಡಿಕೆಯಲ್ಲದೆ ಪೇಟಿ, ತಬಲಾ, ಸಾರಂಗಿ, ಪಿಟೀಲುಗಳೂ ಅವರಿಗೆ ವಶವಾದವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. ಇದೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಬೇರೆ: ಅವರು ನಾಟಕಕಾರರೂ ಆಗಿದ್ದರು.

ನಾಟಕ ಹುಟ್ಟಿದ್ದು ಹಸಿವಿನಿಂದ. ಆಶ್ರಮದ ಮಕ್ಕಳಿಗೆ ಎರಡು ಹೊತ್ತು ಅನ್ನ ಹಾಕಬೇಕು. ಜೋಳಿಗೆಯ ಕಾಳು ಬರಗಾಲದಲ್ಲಿ ಬತ್ತುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲ ಮಳೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಬಿತ್ತಿದ ರೈತ ಬರದಲ್ಲಿಯೂ ನಾಟಕ ನೋಡದೆ ಬಿಡುವವನಲ್ಲ. ಆದ್ದರಿಂದ ಆಶ್ರಮದ ಖರ್ಚಿಗೆಂದೇ ನಾಟಕ ಮಂಡಳಿ ಕಟ್ಟಿದರು. 'ಶಿವಯೋಗಿ ಸಿದ್ಧರಾಮ', 'ಹೇಮರೆಡ್ಡಿ ಮಲ್ಲಮ್ಮ' ಮುಂತಾದ ನಾಟಕಗಳನ್ನು ಸ್ವತಃ ರಚಿಸಿ ಆಡಿಸಿದರು.

ಕಾಣದವರು ಕಾಣುವವರಿಗಾಗಿ ನಾಟಕ ಬರೆಯುವುದೆಂತು? ನಮ್ಮ ಕಂಪನಿ ನಾಟಕದ ಸ್ವಭಾವದಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನನ್ನ ನಂಬುಗೆ. ತಗಡಿನ ಚಪ್ಪರದ ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೆ ನಟನ ಮುಖ ಕಾಣುವುದು ಅಷ್ಟಕ್ಕಷ್ಟೆ. ಅವನಿಗೆ ನಾಟಕವೆಂದರೆ ಮಾತು, ಕಂದ, ರಂಗಗೀತೆ. ಪೇಟಿ ಮಾಸ್ತರನೇ ಆ ರಂಗದ ಅರ್ಧ ಒಡೆಯ. ಅಂಥ ರಂಗವನ್ನು ಕಿವಿಯಿಂದಲೇ ಅರಿತವನು ಕಣ್ಣಿದ್ದವನಿಗಿಂತ ಹಿಂದೆ ಬೀಳಲಾರ.

ಪಾಶ್ಚಾತ್ಯರಲ್ಲಿ ಇದರ ಮಗ್ಗುಲಿನ ಕಥೆಯೊಂದಿದೆ. ಬೀಥೋವನ್ 1802ರಲ್ಲಿ, ಕಿವುಡುತನದ ಸಂಕಟವನ್ನು ತೋಡಿಕೊಂಡು ತಮ್ಮಂದಿರಿಗೆ ಪತ್ರ ಬರೆದ. ಅವನ ಒಂಬತ್ತನೆಯ ಸಿಂಫನಿ 1824ರಲ್ಲಿ ವಿಯೆನ್ನಾದಲ್ಲಿ ಮೊದಲಬಾರಿಗೆ ನುಡಿಯಿತು. ಅಷ್ಟರಲ್ಲಿ ಅವನಿಗೆ ಬಹುಮಟ್ಟಿಗೆ ಏನೂ ಕೇಳುತ್ತಿರಲಿಲ್ಲ. ಐರ್ಲೆಂಡಿನಲ್ಲಿ ನಮ್ಮ ಕಾಲದಲ್ಲಿಯೇ ಕಿವುಡುತನದೊಡನೆ ಶಾಸ್ತ್ರೀಯ ಸಂಗೀತವನ್ನೂ ನಾಟಕವನ್ನೂ ರಚಿಸುವವರಿದ್ದಾರೆ. ಅವರಿಗೆ ಆಧಾರ ಸ್ವರಲಿಪಿ. ಕೇಳದಿದ್ದರೂ ಬರೆಯಬಹುದು, ಓದಬಹುದು. ನಮ್ಮವರಿಗೆ ಆಧಾರ ಕಂಠಪಾಠ. ಕಾಣದಿದ್ದರೂ ಕೇಳಬಹುದು, ನೆನೆಯಬಹುದು. ಗುರುಮುಖದಿಂದ ಶಿಷ್ಯನ ಕಿವಿಗೆ ಹರಿಯುವ ನಮ್ಮ ವಿದ್ಯೆಗೆ ಪುಸ್ತಕದ ಹಂಗಿರಲಿಲ್ಲ. ಆದ್ದರಿಂದಲೇ ಕುರುಡನಿಗೆ ಅದರ ಬಾಗಿಲು ಮುಚ್ಚಿರಲಿಲ್ಲ. ಹಾಗೆಂದು ಪುಟ್ಟರಾಜರು ಲಿಪಿಯನ್ನು ಕಡೆಗಣಿಸಿದವರಲ್ಲ. ಕುರುಡರ ಲಿಪಿಯನ್ನು ನಿರ್ಮಿಸಿದ ಫ್ರಾನ್ಸಿನ ಲೂಯಿ ಬ್ರೈಲ್ ತಾನೂ ಕುರುಡ, ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಸಂಗೀತಗಾರ. ಆ ಲಿಪಿಯಲ್ಲಿ ಪುಟ್ಟರಾಜರು ಭಗವದ್ಗೀತೆಯನ್ನು ಅಳವಡಿಸಿದರು.

ಜನ ಇದನ್ನು ಪವಾಡವೆನ್ನುತ್ತಾರೆ. ಭಕ್ತಿಯಿಂದ ಆಡುವ ಮಾತನ್ನು ನಾನು ಹಳಿಯಲಾರೆ. ಆದರೆ ಪವಾಡವೆಂದೊಡನೆ ನಮ್ಮ ಹೊಣೆ ತೀರಿಹೋಗುತ್ತದೆ. ಪವಾಡ ಒಮ್ಮೆ ಆಗುತ್ತದೆ. ಗದುಗಿನಲ್ಲಿ ಆದದ್ದು ದಿನದಿನವೂ, ಮಗುವಿನಿಂದ ಮಗುವಿಗೆ. ಅಲ್ಲಿ ಅನ್ನವಿತ್ತು, ಗುರುವಿದ್ದ, ವರ್ಷಗಟ್ಟಲೆ ಸಾಧನೆಗೆ ವ್ಯವಧಾನವಿತ್ತು, ಕಲಿತದ್ದಕ್ಕೆ ಶ್ರಾವಣದ ಪುರಾಣದಲ್ಲಿಯೂ ನಾಟಕದ ರಂಗದಲ್ಲಿಯೂ ಸಂಭಾವನೆಯಿತ್ತು. ಕಣ್ಣಿದ್ದವರೂ ಅಲ್ಲಿ ಕಲಿತರು. ವೆಂಕಟೇಶಕುಮಾರರು ಅಲ್ಲಿಯೇ ಬೆಳೆದವರು.

ನಮ್ಮ ಓಣಿಯ ಹುಡುಗ ಹತ್ತು ವರ್ಷದ ಮೇಲೆ ಒಂದು ಶ್ರಾವಣದಲ್ಲಿ ನಮ್ಮೂರ ಮಠಕ್ಕೇ ಗವಾಯಿಯಾಗಿ ಬಂದ. ತಿಂಗಳು ಕಳೆದು ಪುರಾಣ ಮಂಗಲವಾದ ದಿನ ದಕ್ಷಿಣೆಯ ಹಣವನ್ನೆಲ್ಲ ತಾಯಿಯ ಉಡಿಯಲ್ಲಿ ಹಾಕಿದ. ಆಕೆ ಎಣಿಸಲಿಲ್ಲ. "ಊಟ ಮಾಡೀಯೇನು?" ಎಂದಷ್ಟೇ ಕೇಳಿದಳು.

ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ನಾಲ್ಕು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, 2011ರ ಜನವರಿಯಲ್ಲಿ, ಭೀಮಸೇನ ಜೋಶಿಯವರೂ ತೀರಿಕೊಂಡರು. ರೋಣದವರಾದ ನಾವು ಭೀಮಸೇನರನ್ನು ನಮ್ಮೂರವರೆಂದು ಹೆಮ್ಮೆಪಡುತ್ತೇವೆ, ಅದು ಸಹಜ. ಅವರ ಕಂಠವನ್ನು ಜಗತ್ತು ಕೇಳಿತು. ಆದರೆ ಹೆಸರೇ ಹೊರಬೀಳದ ನೂರಾರು ಕುರುಡ ಗವಾಯಿಗಳು ಹಳ್ಳಿಹಳ್ಳಿಯ ಮಠಗಳಲ್ಲಿ ಹಾಡಿ ನಮ್ಮ ಕಿವಿಯನ್ನು ಹದಗೊಳಿಸಿರದಿದ್ದರೆ, ಭೀಮಸೇನರ ಹಾಡನ್ನು ಕೇಳಿ ತಲೆದೂಗುವ ಯೋಗ್ಯತೆ ನಮಗೆಲ್ಲಿಂದ ಬರುತ್ತಿತ್ತು?

ಈಚೆಗೆ ನನ್ನ ಕಿವಿ ಮಂದವಾಗುತ್ತಿದೆ. ತಂಬೂರಿಯ ಸಣ್ಣ ಎಳೆ ಮೊದಲಿನಂತೆ ಕೇಳಿಸದು. ಆದರೂ ಶ್ರಾವಣದ ಸಂಜೆ ಮಠದ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳುತ್ತೇನೆ. ಹಾಡಿಕೆ ಮುಗಿದ ಮೇಲೆ ಆ ಹುಡುಗರ ಕೈಹಿಡಿದು ಊಟದ ಪಂಕ್ತಿಯವರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗಿದೆ.