ಎರಡಾಣೆಗಾಗಿ ಬಾಗಿಲಿಗೆ ಬಂದ ಬ್ಯಾಂಕು



ತಿಂಗಳ ಮೊದಲ ವಾರ. ಸಂಬಳ ಬಂದಿದೆ. ಮನೆ ಬಾಡಿಗೆ ಇಲ್ಲವೇ ಸಾಲದ ಕಂತು, ಮಕ್ಕಳ ಫೀಸು, ಹಾಲು, ದಿನಸಿ, ಕರೆಂಟು ಬಿಲ್ಲು, ರೈಲಿನ ಪಾಸು... ಎಲ್ಲ ಕಳೆದು ಮಿಕ್ಕಿದ್ದನ್ನು ಕೂಡಿಡೋಣ ಎಂದುಕೊಳ್ಳುತ್ತೀರಿ. ಇಪ್ಪತ್ತನೇ ತಾರೀಕು ಬರುವ ಹೊತ್ತಿಗೆ ಮಿಕ್ಕಿದ್ದೇನೂ ಕಾಣುವುದಿಲ್ಲ. "ಬರುವ ತಿಂಗಳಿಂದ ಖಂಡಿತ" ಎಂದು ಗಂಡ ಹೆಂಡತಿ ಕೂತು ಇನ್ನೊಮ್ಮೆ ತೀರ್ಮಾನ ಮಾಡುತ್ತೀರಿ. ಹೌದು ತಾನೆ? ನಾಚಿಕೊಳ್ಳಬೇಡಿ, ಇದನ್ನು ಬರೆಯುತ್ತಿರುವವನ ಮನೆಯ ಕತೆಯೂ ಅದೇ.

ಈ ಕಷ್ಟ ನಮ್ಮ ಕಾಲದ್ದು ಮಾತ್ರವಲ್ಲ. ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಉಡುಪಿಯಲ್ಲಿ ಕೆಲವರು ಇದಕ್ಕೊಂದು ಉಪಾಯ ಹುಡುಕಿದರು. ಅದರ ಹೆಸರು ಪಿಗ್ಮಿ. ಕರಾವಳಿಯ ಕಡೆಯವರಾದರೆ ಹೆಸರು ಕೇಳಿದ ಕೂಡಲೇ ಕಂಕುಳಲ್ಲಿ ಚೀಲ, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದವರ ನೆನಪು ಬಂದೀತು. ಬೇರೆ ಕಡೆಯವರಿಗೆ ಹೊಸದೆನಿಸಿದರೆ ಬನ್ನಿ, ಮೊದಲಿನಿಂದ ಹೇಳುತ್ತೇನೆ.

ಸಾಸಿವೆ ಡಬ್ಬಿಯ ಕಾಲ

ಬ್ಯಾಂಕು ಬರುವ ಮೊದಲು ನಮ್ಮ ಹಿರಿಯರು ಉಳಿಸುತ್ತಿರಲಿಲ್ಲವೇ? ಖಂಡಿತ ಉಳಿಸುತ್ತಿದ್ದರು. ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಮುಡಿಯ ಸಂದಿಯಲ್ಲಿ, ಸೀರೆಯ ಸೆರಗಿನ ಗಂಟಿನಲ್ಲಿ ಕಾಸು ಇರುತ್ತಿತ್ತು. ಸ್ವಲ್ಪ ಹೆಚ್ಚು ಕೂಡಿದರೆ ಗುಂಜಿಯಷ್ಟು ಚಿನ್ನ. ನಾಲ್ಕು ಮನೆಯವರು ಸೇರಿ ಚೀಟಿ ಹಾಕುವುದೂ ಇತ್ತು. ಆದರೆ ಡಬ್ಬಿಯ ದುಡ್ಡಿಗೆ ಬಡ್ಡಿಯಿಲ್ಲ, ಕೈಗೆಟುಕುವಷ್ಟು ಹತ್ತಿರ. ಸಂಜೆ ಯಾರಾದರೂ ನೆಂಟರು ಬಂದರೆ, ಗಂಡನಿಗೆ ಬೀಡಿಗೆ ಕಾಸಿಲ್ಲದಿದ್ದರೆ, ಮೊದಲು ಖಾಲಿಯಾಗುವುದೇ ಸಾಸಿವೆ ಡಬ್ಬಿ. ಚಿನ್ನ ಕೊಂಡರೆ ಕಳ್ಳರ ಭಯ. ಕಷ್ಟ ಬಂದಾಗ ಅದನ್ನು ಅಡವಿಡಬೇಕು. ಚೀಟಿ ಹಾಕಿದರೆ ಚೀಟಿ ನಡೆಸುವವನ ಪ್ರಾಮಾಣಿಕತೆಯೇ ಗತಿ.

1882ರಲ್ಲಿ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಆರಂಭವಾಯಿತು. ಅದು ದೊಡ್ಡ ಉಪಕಾರ, ಸಂಶಯವಿಲ್ಲ. ಆದರೆ ಯೋಚಿಸಿ: ದಿನಗೂಲಿಯವನು ಎರಡಾಣೆ ಕಟ್ಟಲು ಕೆಲಸ ಬಿಟ್ಟು ಅಂಚೆ ಕಚೇರಿಗೆ ನಡೆದುಹೋಗಿ, ಓದಲು ಬಾರದಿದ್ದರೆ ಯಾರಿಂದಲೋ ಫಾರಂ ತುಂಬಿಸಿಕೊಂಡು, ಸರತಿಯಲ್ಲಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಅರ್ಧ ದಿನದ ಕೂಲಿಯೇ ಹೋಗಿರುತ್ತದೆ. ಅದಕ್ಕಿಂತ ದೊಡ್ಡದು ನಾಚಿಕೆ. ಎರಡಾಣೆ ಹಿಡಿದುಕೊಂಡು ಕೋಟು ಪೇಟದವರ ಎದುರು ನಿಲ್ಲುವುದಾದರೂ ಹೇಗೆ?

ಇನ್ನು ಬ್ಯಾಂಕೆಂದರೆ ಭಯವೂ ಇತ್ತು. 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬುತ್‌ನಾಟ್ ಎಂಬ ದೊಡ್ಡ ಬ್ರಿಟಿಷ್ ಸಂಸ್ಥೆ ದಿವಾಳಿಯಾಗಿ ಸಾವಿರಾರು ಜನರ ಜೀವಮಾನದ ಗಳಿಕೆ ಮುಳುಗಿಹೋಯಿತು. ಚೆನ್ನೈನ ಕೇಳುಗರಿಗೆ ಗೊತ್ತಿರಬಹುದು, ಆ ಪೆಟ್ಟಿನ ನಂತರವೇ 1907ರಲ್ಲಿ ಅಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು.

ಮದರಾಸು ಪ್ರಾಂತ್ಯಕ್ಕೇ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲೂ ಅದೇ 1906ರಲ್ಲಿ ಎರಡು ಬ್ಯಾಂಕುಗಳು ಹುಟ್ಟಿದ್ದವು. ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಮೊದಲ ದಿನದ ಕೊನೆಗೆ ಅದರ ಬಳಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ! ದೊಡ್ಡ ಬ್ಯಾಂಕುಗಳ ಮೂಲವೂ ಚಿಲ್ಲರೆಯೇ.

1928: ಬ್ಯಾಂಕು ನಡೆದುಬಂತು

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಆಗ ಕರಾವಳಿಯ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. ಅವರಿಗೆ ನೆರವಾಗಬೇಕು, ಅದಕ್ಕೆ ಬೇಕಾದ ಹಣವನ್ನು ಸಾಮಾನ್ಯ ಜನರ ಸಣ್ಣ ಸಣ್ಣ ಉಳಿತಾಯದಿಂದಲೇ ಕೂಡಿಸಬೇಕು ಎಂಬುದು ಆಲೋಚನೆ.

ಆದರೆ ಸಾಮಾನ್ಯ ಜನ ಬ್ಯಾಂಕಿಗೆ ಬರಬೇಕಲ್ಲ? 1928ರಲ್ಲಿ ಅದಕ್ಕೂ ದಾರಿ ಸಿಕ್ಕಿತು. ಜನ ಬಾರದಿದ್ದರೆ ಬ್ಯಾಂಕೇ ಹೋಗಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟು ಮನೆಗೆ, ಅಂಗಡಿಗೆ ಬಂದು ಪಡೆದುಕೊಂಡು, ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗುತ್ತಾನೆ. ಸಂಜೆ ಎಲ್ಲರ ಹಣವನ್ನೂ ಬ್ಯಾಂಕಿಗೆ ಕಟ್ಟುತ್ತಾನೆ. ಕುಳ್ಳ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಇದಕ್ಕೆ ಪಿಗ್ಮಿ ಠೇವಣಿ ಎಂದು ಹೆಸರಾಯಿತು. ನಮ್ಮ ಜನರ ಬಾಯಲ್ಲಿ "ಪಿಗ್ಮಿ ಕಟ್ಟುವುದು" ಎಂದಾಯಿತು.

ಒಂದು ಲೆಕ್ಕ ಹಾಕೋಣ. ರೂಪಾಯಿಗೆ ಹದಿನಾರಾಣೆಯ ಕಾಲ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ಇಡೀ ವರ್ಷ ತಪ್ಪದೆ ಕಟ್ಟಿದರೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಅದೇ ಮನುಷ್ಯನಿಗೆ ವರ್ಷದ ಕೊನೆಗೆ "ಒಂದೇ ಸಲ 45 ರೂಪಾಯಿ ಕೊಡಪ್ಪ" ಎಂದಿದ್ದರೆ ಅವನು ನಕ್ಕುಬಿಡುತ್ತಿದ್ದ. ಹನಿ ಹನಿಗೂಡಿದರೆ ಹಳ್ಳ ಎಂದು ಎಲ್ಲರೂ ಹೇಳುತ್ತಾರೆ. ಹನಿಯನ್ನು ಹಿಡಿಯಲು ದಿನಾ ಪಾತ್ರೆ ಹಿಡಿದು ಬರುವವರು ಬೇಕಿತ್ತು, ಅಷ್ಟೆ.

ಬಾಂಗ್ಲಾದೇಶದಲ್ಲಿ ಮಹಮ್ಮದ್ ಯೂನುಸ್ ಅವರು ಬಡವರ ಬಳಿಗೆ ಬ್ಯಾಂಕು ಒಯ್ಯುವ ಪ್ರಯೋಗ ಆರಂಭಿಸಿದ್ದು 1976ರಲ್ಲಿ. ಅವರಿಗೂ ಗ್ರಾಮೀಣ ಬ್ಯಾಂಕಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರದು ಮುಖ್ಯವಾಗಿ ಸಾಲದ ದಾರಿ, ಉಡುಪಿಯದು ಉಳಿತಾಯದ ದಾರಿ. ಆದರೆ ಬಡವರ ಬಾಗಿಲಿಗೆ ಬ್ಯಾಂಕು ಹೋಗಬೇಕೆಂಬ ಮಾತನ್ನು ನಮ್ಮ ಊರಿನವರು ಅದಕ್ಕೆ 48 ವರ್ಷ ಮೊದಲೇ ಮಾಡಿ ತೋರಿಸಿದ್ದರು.

ಹೂವಿನ ದುಡ್ಡು

ಇಲ್ಲೊಂದು ಮನೆಯ ಮಾತು ಹೇಳಬೇಕು. 1980ರ ದಶಕದಲ್ಲಿ ನಮ್ಮಮ್ಮ ಅಂಗಳದಲ್ಲಿ ಶಂಕರಪುರ ಮಲ್ಲಿಗೆ ಬೆಳೆಸಿದ್ದಳು. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಕಳಿಸುವುದು. ಮದುವೆಯ ಕಾಲದಲ್ಲಿ ಒಳ್ಳೆಯ ರೇಟು, ಆಷಾಢದಲ್ಲಿ ಕೇಳುವವರಿಲ್ಲ. ಪಿಗ್ಮಿಯವರು ಬಂದರೆ ಅಮ್ಮ ಒಂದು ರೂಪಾಯಿ ಕೊಡುತ್ತಿದ್ದಳು. ಹೂವಿಲ್ಲದ ದಿನ "ನಾಳೆ ಬನ್ನಿ ಮಾರಾಯ್ರೇ" ಎನ್ನುತ್ತಿದ್ದಳು. ಅವರೂ ಬೇಸರಿಸದೆ ನೀರು ಕುಡಿದು ಹೋಗುತ್ತಿದ್ದರು, ಮರುದಿನ ತಪ್ಪದೆ ಬರುತ್ತಿದ್ದರು.

ನಾನು ಮುಂಬಯಿಗೆ ಹೊರಟಾಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಬಸ್ಸಿನ ಟಿಕೇಟಿಗೆ, ಕೋಣೆಯ ಮುಂಗಡಕ್ಕೆ ಎಂದು ಅಮ್ಮ ಒಂದು ಲಕೋಟೆ ಕೊಟ್ಟಳು. "ಅಪ್ಪನ ಹತ್ರ ಕೇಳಿದ್ದಲ್ಲ, ಇದು ನನ್ನ ಪಿಗ್ಮಿದು" ಎಂದಳು. ಆ "ನನ್ನ" ಎಂಬ ಮಾತಿನ ತೂಕ ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಮನೆಯ ಆಯವ್ಯಯವೆಲ್ಲ ಅಪ್ಪನ ಕೈಯಲ್ಲಿದ್ದ ಕಾಲದಲ್ಲಿ, ಅವಳ ಹೆಸರಿನಲ್ಲಿ ಅವಳದೇ ಒಂದು ಪುಸ್ತಕ ಇತ್ತು. ಇಂಥ ಪುಸ್ತಕಗಳಿಂದ ಶಾಲೆಯ ಫೀಸು ಕಟ್ಟಿದ, ಬಳೆ ಬಿಡಿಸಿಕೊಂಡ, ಹೆಂಚು ಹಾಕಿಸಿದ ತಾಯಂದಿರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಕೇಳಿ ನೋಡಿ.

ಊರು ಬಿಟ್ಟು ಬಂದವರೂ ಸುಮ್ಮನೆ ಕೂರಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಟ್ರಂಕಿನಲ್ಲಿ ಕಾಸು ಮುಚ್ಚಿಡುತ್ತಿದ್ದ ಹುಡುಗರ ಮುಂಬಯಿಯಲ್ಲಿ ನಮ್ಮವರೇ ಬ್ಯಾಂಕು ಕಟ್ಟಿದರು. ಮೊಗವೀರ ಸಹಕಾರಿ ಬ್ಯಾಂಕ್ 1946ರದು. ಬಿಲ್ಲವರ ಅಸೋಸಿಯೇಷನ್ನಿನ ಭಾರತ್ ಬ್ಯಾಂಕ್ 1978ರದು. ಗುರುತಿನವರು ಕೂತಿರುವ ಕೌಂಟರಿನಲ್ಲಿ, ತನ್ನ ಭಾಷೆಯಲ್ಲಿ ಮಾತನಾಡಿ ಹತ್ತು ರೂಪಾಯಿ ಕಟ್ಟುವುದಕ್ಕೆ ನಾಚಿಕೆಯಿಲ್ಲ. ಉಡುಪಿಯಲ್ಲಿ ಬಾಗಿಲಿಗೆ ಬಂದ ಪಿಗ್ಮಿಯವರು ಕಳೆದದ್ದೂ ಇದೇ ನಾಚಿಕೆಯನ್ನು.

ನಡೆದವರ ಲೆಕ್ಕ

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಬಾಗಿಲಿಗೆ ಬರುವ ಸೇವೆಗೆ ಖರ್ಚಿದೆ. ಹಾಗಾಗಿ ಪಿಗ್ಮಿಯ ಬಡ್ಡಿ ಸಾಮಾನ್ಯವಾಗಿ ನಿಶ್ಚಿತ ಠೇವಣಿಗಿಂತ ಕಡಿಮೆ. ಅವಧಿಗೆ ಮೊದಲೇ ತೆಗೆದರೆ ಇನ್ನೂ ಕಡಿಮೆ.

ಬಿಸಿಲು ಮಳೆಯೆನ್ನದೆ ನಡೆದವರಿಗೂ ಸಂಬಳ ಇರಲಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಷನ್ ಮಾತ್ರ. ಬ್ಯಾಂಕುಗಳು ಅವರನ್ನು ತಮ್ಮ ಕಾರ್ಮಿಕರೆಂದು ಒಪ್ಪಲಿಲ್ಲ. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, ಅಲ್ಲಿಂದ ಮೇಲಿನ ಕೋರ್ಟುಗಳನ್ನು ಹತ್ತಿತು. 2001ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕಮಿಷನ್ ಎಂಬುದೂ ದುಡಿಮೆಗೆ ತಕ್ಕ ಕೂಲಿಯೇ, ಆದ್ದರಿಂದ ಇವರು ಕಾರ್ಮಿಕರೇ. ಆದರೆ ಬ್ಯಾಂಕಿನ ಕಾಯಂ ನೌಕರರಿಗೆ ಸಮಾನರಲ್ಲ. ಲಕ್ಷಾಂತರ ಮನೆಗಳಿಗೆ ಉಳಿತಾಯ ಕಲಿಸಿದವರಲ್ಲಿ ಎಷ್ಟೋ ಮಂದಿಗೆ ತಮ್ಮ ಮುಪ್ಪಿಗೆ ಉಳಿಸಿಕೊಳ್ಳುವಷ್ಟು ಆದಾಯ ಇರಲಿಲ್ಲ ಎಂಬುದು ಈ ಚರಿತ್ರೆಯ ನೋವಿನ ಮಾತು.

ಇನ್ನು ಭದ್ರತೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಕುಸಿದ ನಂತರ ಸರಕಾರ ಎಚ್ಚೆತ್ತು, 1962ರಿಂದ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿಯ ತನಕ ರಕ್ಷಣೆ. 2020ರ ಫೆಬ್ರವರಿಯಿಂದ ಆ ಮಿತಿ 5 ಲಕ್ಷ ರೂಪಾಯಿ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಆದರೆ ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ಇಂದೂ ಅನೇಕ ಸೊಸೈಟಿಗಳು ಪಿಗ್ಮಿ ಸಂಗ್ರಹಿಸುತ್ತವೆ. ಪರಿಚಯದವರು ಬಂದು ಕೇಳಿದರೆಂದು ಕಟ್ಟಲು ಶುರುಮಾಡುವ ಮೊದಲು ಈ ವ್ಯತ್ಯಾಸವನ್ನು ನೆನಪಿಡಿ. ಕೊಟ್ಟ ಪ್ರತಿ ದಿನವೂ ರಶೀದಿ ಪಡೆಯಿರಿ, ತಿಂಗಳಿಗೊಮ್ಮೆ ಆಫೀಸಿಗೇ ಹೋಗಿ ಲೆಕ್ಕ ತಾಳೆ ನೋಡಿ.

ಬಾಗಿಲು ಮುಚ್ಚಿದ ದಿನ

ಉಡುಪಿಯ ಆ ಸಂಸ್ಥೆ 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡಿತು. 1969ರ ಜುಲೈ 19ರಂದು ಇತರ 13 ಬ್ಯಾಂಕುಗಳ ಜೊತೆ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕೂ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ದಿನ ದೇಶವೆಲ್ಲ ಲಾಕ್‌ಡೌನ್. ಜನರ ಬಾಗಿಲಿಗೆ ಹೋಗಿ ದೊಡ್ಡದಾದ ಬ್ಯಾಂಕು, ಎಲ್ಲ ಬಾಗಿಲುಗಳೂ ಮುಚ್ಚಿದ್ದ ದಿನ ತನ್ನ ಹೆಸರನ್ನು ಬಿಟ್ಟುಕೊಟ್ಟಿತು.

ಈಗ ನಮ್ಮ ಮೊಬೈಲಿನಲ್ಲಿ ಬ್ಯಾಂಕೇ ಬಂದು ಕೂತಿದೆ. ಆದರೆ ಅದು ಬಾಗಿಲಿಗೆ ಬಂದು "ಇವತ್ತಿನದು ಕೊಡಿ ಅಮ್ಮಾ" ಎನ್ನುವುದಿಲ್ಲ. ಬೆರಳು ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಒಳಗೆ ಬಂದು ನಿಲ್ಲಬೇಕಾದರೆ ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಉಡುಪಿಯವರು ಜನರಿಗೆ ಮಿತವ್ಯಯದ ಉಪದೇಶ ಮಾಡುತ್ತ ಕೂರಲಿಲ್ಲ. ದುಡ್ಡು ಕೈಗೆ ಬರುವ ಹೊತ್ತಿಗೆ, ಅದು ಬೇರೆಲ್ಲೋ ಹೋಗುವ ಮೊದಲು, ಬಾಗಿಲಿಗೆ ಬಂದು ನಿಂತರು. ದಿನಾ ದುಡ್ಡು ಬರುವವರ ಬಳಿಗೆ ದಿನಾ ಬಂದರು. ನಿಮಗೆ ತಿಂಗಳ ಸಂಬಳವಾದರೆ, ಸಂಬಳ ಬಂದ ಮರುದಿನವೇ ಆರ್.ಡಿ.ಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಡಿ. ಮೊತ್ತ ಸಣ್ಣದಾದರೂ ಅಡ್ಡಿಯಿಲ್ಲ. ಆಟೋ ಓಡಿಸುವವರು, ಅಂಗಡಿ ಇಟ್ಟವರು, ಮನೆಯಿಂದ ತಿಂಡಿ ಮಾಡಿ ಮಾರುವವರಾದರೆ ರಾತ್ರಿ ಲೆಕ್ಕ ಮುಗಿಸುವಾಗ ಅಂದಿನ ಪಾಲು ತೆಗೆದಿಡಿ. ಮನೆಯಾಕೆಯ ಹೆಸರಿನಲ್ಲಿ ಅವರದೇ ಒಂದು ಪುಸ್ತಕ ಇದೆಯೇ ಎಂದು ಇವತ್ತೇ ನೋಡಿ.

ನಮ್ಮಮ್ಮನ ಹಳೆಯ ಪಿಗ್ಮಿ ಪುಸ್ತಕ ನನ್ನ ಬಳಿ ಇನ್ನೂ ಇದೆ. ಸಾಲು ಸಾಲಾಗಿ ಒಂದು, ಒಂದು, ಒಂದು ಎಂದು ಬರೆದಿದೆ. ಪ್ರತಿ ಸಾಲಿನ ಪಕ್ಕದಲ್ಲೂ ಅದೇ ಪುಟ್ಟ ಸಹಿ. ನಡುವೆ ಅಲ್ಲಲ್ಲಿ ಖಾಲಿ ಇರುವುದು ಹೂವು ಬಿಡದ ದಿನಗಳು.