ನಡಿಗೆಯ ಕ್ಯಾಲೊರಿ ಅಂದಾಜು

ನಡೆಯುವಾಗ ದೇಹ ವ್ಯಯಿಸುವ ಶಕ್ತಿಯನ್ನು ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ವಾಚ್‌ಗಳು ಲೆಕ್ಕ ಹಾಕುವ ವಿಧಾನ. ಇವು ಕ್ಯಾಲೊರಿಯನ್ನು ನೇರವಾಗಿ ಅಳೆಯುವುದಿಲ್ಲ. ಒಳಗಿನ ಆಕ್ಸೆಲೆರೋಮೀಟರ್ ಕೈಬೀಸನ್ನು ಗುರುತಿಸಿ ಹೆಜ್ಜೆ ಎಣಿಸುತ್ತದೆ. ಹಸಿರು ಬೆಳಕಿನ ಸಂವೇದಕ ಮಣಿಕಟ್ಟಿನ ರಕ್ತದ ಹರಿವಿನಿಂದ ನಾಡಿಬಡಿತ ಗ್ರಹಿಸುತ್ತದೆ. ಬಳಕೆದಾರರು ನಮೂದಿಸಿದ ವಯಸ್ಸು, ಲಿಂಗ, ಎತ್ತರ, ತೂಕಗಳೂ ಸೂತ್ರಕ್ಕೆ ಸೇರುತ್ತವೆ.

ಲೆಕ್ಕದ ಮೂಲಮಾನ ‘ಮೆಟ್’. 1 ಮೆಟ್ ಎಂದರೆ ಸುಮ್ಮನೆ ಕುಳಿತವರು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ವ್ಯಯಿಸುವ ಸುಮಾರು 1 ಕಿಲೋಕ್ಯಾಲೊರಿ. ಬೆಂಗಳೂರಿನ ಜೆ.ಪಿ. ನಗರದ ಸಾರಕ್ಕಿ ಕೆರೆಯ ಹಾದಿಯಂಥ ಸಮತಟ್ಟು ಜಾಗದಲ್ಲಿ ಗಂಟೆಗೆ 5 ಕಿ.ಮೀ. ವೇಗದ ನಡಿಗೆಯನ್ನು 3.5 ಮೆಟ್ ಎಂದು ಹಿಡಿದರೆ, 60 ಕಿಲೋ ತೂಕದವರಿಗೆ ಅರ್ಧ ಗಂಟೆಗೆ 105 ಕಿಲೋಕ್ಯಾಲೊರಿ ಆಗುತ್ತದೆ. ಇದರಲ್ಲಿ 30 ಸುಮ್ಮನಿದ್ದರೂ ಖರ್ಚಾಗುವಂಥದ್ದು; ನಡಿಗೆಯ ಪಾಲು 75.

ಸಾರಕ್ಕಿ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಬರುವವರ ಕೈ ಬೀಸುವುದಿಲ್ಲ. ಆಗ ಹೆಜ್ಜೆಗಳ ಎಣಿಕೆ ಕಡಿಮೆಯಾಗಬಹುದು. ಹೊರೆಯ ತೂಕವೂ ಸೂತ್ರದಲ್ಲಿ ಇರುವುದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ 7 ಸಾಧನಗಳಲ್ಲಿ ಅತ್ಯಂತ ನಿಖರವಾದದ್ದು ಕೂಡ ಶಕ್ತಿವ್ಯಯವನ್ನು ಸರಾಸರಿ ಶೇ 27ರಷ್ಟು ತಪ್ಪಾಗಿ ತೋರಿಸಿತು. ಆದ್ದರಿಂದ ಈ ಅಂಕಿಯನ್ನೇ ನಂಬಿ ಊಟದ ಪ್ರಮಾಣ ನಿರ್ಧರಿಸುವುದು, ಮುಖ್ಯವಾಗಿ ಮಧುಮೇಹಿಗಳಿಗೆ, ಸಲ್ಲದು. ಆದರೆ ಒಂದೇ ಸಾಧನದಲ್ಲಿ ತಮ್ಮ ನಡಿಗೆಯನ್ನು ದಿನದಿಂದ ದಿನಕ್ಕೆ ಹೋಲಿಸಿಕೊಳ್ಳಲು ಈ ಅಂಕಿ ಉಪಯುಕ್ತ.